ವಿಮಾನ ಅವರದು, ಗಡಿಯಾರ ಪೈಲಟ್‌ಗಳದು

ವಿರಾಜಪೇಟೆಯ ಸಮೀಪ ಕಾಫಿ ತೋಟದೊಳಗಿರುವ ರೆಸಾರ್ಟೊಂದರಲ್ಲಿ ಅತಿಥಿಗಳ ಪ್ರಯಾಣದ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ಖಾಸಗಿ ಜೆಟ್‌ನಲ್ಲಿ ಬರುವ ಸಿರಿವಂತರೂ 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣದಲ್ಲಿ ಇಳಿದು, ಇರಿಟ್ಟಿ ದಾಟಿ, ಮಾಕುಟ್ಟದ ತಿರುವುಗಳಲ್ಲಿ ಎಲ್ಲರಂತೆ ಓಲಾಡಿಕೊಂಡೇ ಬರಬೇಕು. ಮೈಸೂರಿನ ಮಂಡಕಳ್ಳಿ ಇದೆ, ಆದರೆ ಅಲ್ಲಿನ ರನ್‌ವೇ ಸುಮಾರು 1,740 ಮೀಟರ್ ಮಾತ್ರ. ಕಣ್ಣೂರಿನದು 3,050 ಮೀಟರ್ ಇರುವುದರಿಂದ ದೊಡ್ಡ ಜೆಟ್‌ಗಳಿಗೆ ಅದೇ ಅನುಕೂಲ.

ಖಾಸಗಿ ಜೆಟ್‌ನ ಸುಖವೆಂದರೆ ಚರ್ಮದ ಆಸನವೆಂದು ನಾನೂ ತಿಳಿದಿದ್ದೆ. ನಿಜವಾದ ಸುಖ ಕಣ್ಣಿಗೆ ಕಾಣದ್ದು. ಸಾಮಾನ್ಯ ವಿಮಾನದ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು, ಅಂದರೆ ನಮ್ಮ ತಡಿಯಂಡಮೋಳ್ ಶಿಖರಕ್ಕಿಂತಲೂ ಎರಡು ಸಾವಿರ ಅಡಿ ಮೇಲೆ ಕುಳಿತಂತೆ. ಹೊಸ ದೊಡ್ಡ ಜೆಟ್‌ಗಳಾದರೋ 40,000 ಅಡಿಯಲ್ಲಿ ಹಾರುವಾಗಲೂ ಒಳಗೆ ಹೆಚ್ಚುಕಡಿಮೆ ಮಡಿಕೇರಿಯ ಗಾಳಿಯನ್ನೇ ಉಳಿಸಿಕೊಳ್ಳುತ್ತವೆ. ಇಳಿದವರ ಮುಖದಲ್ಲಿ ದಣಿವು ಕಾಣದಿರುವುದಕ್ಕೆ ಇದೂ ಒಂದು ಕಾರಣ. (ಮಾಕುಟ್ಟ ದಾಟುವಷ್ಟರಲ್ಲಿ ಆ ಮುಖ ಬದಲಾಗಿರುತ್ತದೆ, ಆ ಮಾತು ಬೇರೆ.)

ಮರಳುವ ಪ್ರಯಾಣಕ್ಕೆ ಊಟ ಕಟ್ಟಿಕೊಡುವುದೂ ನಮ್ಮ ಪಾಲಿನ ಕೆಲಸ. ಸಣ್ಣ ಜೆಟ್‌ಗಳಲ್ಲಿ ಅನೇಕ ವೇಳೆ ಓವನ್ ಇರುವುದಿಲ್ಲ, ಆರಿದ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಗಟ್ಟಿಯಾಗಿಬಿಡುತ್ತದೆ. ಒಣಗಾಳಿಯಲ್ಲಿ ನಾಲಿಗೆಗೆ ಉಪ್ಪು, ಸಿಹಿ ಮಂದವಾಗುವುದರಿಂದ ಪಂದಿ ಕರಿಯ ಉಪ್ಪು, ಖಾರವನ್ನು ನಮ್ಮ ಅಡುಗೆಯವರು ಒಂದು ಚಿಟಿಕೆ ಮುಂದೆಯೇ ಇಡುತ್ತಾರೆ. ಡಬ್ಬಿಯ ಮುಚ್ಚಳಕ್ಕೆ ಎರಡು ಸುತ್ತು ಟೇಪು ಹಾಕುವುದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆರೇಳು ಆಸನಗಳ ಕ್ಯಾಬಿನ್ನಿನಲ್ಲಿ ಪಂದಿ ಕರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಚೆಲ್ಲಿದರೆ ಆ ವಾಸನೆಯಿಂದ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಇಷ್ಟೆಲ್ಲ ಜಾಗ್ರತೆಯ ನಡುವೆಯೂ ಒಂದು ಮಳೆಗಾಲದಲ್ಲಿ ಎಡವಿದೆ. ಪೆರುಂಬಾಡಿ ದಾಟಿದ ಮೇಲೆ ರಸ್ತೆಗೆ ಮರ ಬಿದ್ದಿರುವ ಸುದ್ದಿ ಬೆಳಗ್ಗೆಯೇ ಬಂದಿತ್ತು. ಮಾನಂದವಾಡಿಯ ಕಡೆಯಿಂದ ಸುತ್ತಿಕೊಂಡು ಆಗಲೇ ಹೊರಡಿಸಬಹುದಿತ್ತು. ಅದರ ಬದಲು ನಾನು, "ಗಾಬರಿ ಬೇಡ ಸರ್, ನಿಮ್ಮದೇ ವಿಮಾನ, ಕಾಯುತ್ತದೆ" ಎಂದು ಸಮಾಧಾನ ಹೇಳಿ ಇನ್ನೊಂದು ಸುತ್ತು ಕಾಫಿ ತರಿಸಿದೆ. ನಾವು ನಿಲ್ದಾಣ ತಲುಪಿದಾಗ ನಾಲ್ಕು ಗಂಟೆ ತಡವಾಗಿತ್ತು. ವಿಮಾನವೇನೋ ಕಾದಿತ್ತು, ಆದರೆ ಇವರನ್ನು ಕರೆದೊಯ್ಯಲೆಂದು ಮುಂಬಯಿಯಿಂದ ನಸುಕಿನಲ್ಲಿಯೇ ಖಾಲಿ ವಿಮಾನ ಹಾರಿಸಿಕೊಂಡು ಬಂದಿದ್ದ ಪೈಲಟ್‌ಗಳಿಗೆ ನಿಯಮದಂತೆ ಆ ದಿನಕ್ಕಿದ್ದ ಡ್ಯೂಟಿ ಅವಧಿ ಮುಗಿಯುತ್ತ ಬಂದಿತ್ತು. ನೆಲದ ಮೇಲೆ ಸುಮ್ಮನೆ ಕುಳಿತ ಹೊತ್ತೂ ಆ ಲೆಕ್ಕಕ್ಕೆ ಸೇರುತ್ತದೆಂಬುದು ನನಗೆ ತಿಳಿದಿರಲಿಲ್ಲ.

"ವಿಮಾನ ನನ್ನದೇ ಅಲ್ಲವೇನ್ರೀ?" ಎಂದು ಅತಿಥಿಗಳು ರೇಗಿದರು.

"ವಿಮಾನ ನಿಮ್ಮದೇ ಸರ್, ನಮ್ಮ ಡ್ಯೂಟಿ ವೇಳೆ ನಿಯಮದ್ದು," ಎಂದರು ಕ್ಯಾಪ್ಟನ್, ದನಿ ಏರಿಸದೆ.

ಆ ರಾತ್ರಿ ಕಣ್ಣೂರಿನಲ್ಲಿ ಎರಡು ಹೋಟೆಲುಗಳಲ್ಲಿ ಕೋಣೆ ಹುಡುಕಿದೆ. ಪಂದಿ ಕರಿಯನ್ನು ನಮ್ಮ ಚಾಲಕರು ಊಟ ಮಾಡಿದರು. ಈಗ ಅತಿಥಿಗಳು ಎಷ್ಟು ಹೊತ್ತಿಗೆ ಹೊರಡುತ್ತಾರೆಂದು ಕೇಳುವ ಮೊದಲು, ಪೈಲಟ್‌ಗಳು ಆ ದಿನ ಎಷ್ಟು ಗಂಟೆಗೆ ಡ್ಯೂಟಿಗೆ ಹಾಜರಾಗುತ್ತಾರೆಂದು ಫೋನ್ ಮಾಡಿ ಬರೆದುಕೊಳ್ಳುತ್ತೇನೆ.