ಪಕ್ಕದಲ್ಲೇ ಇರುವ ಇನ್ನೊಂದು ಸಂಖ್ಯೆ

ಹೊಸ ಸಂಶೋಧನೆಗಳ ಸುದ್ದಿ ಓದುವಾಗ ಶೀರ್ಷಿಕೆಯಲ್ಲಿ ಒಂದು ದೊಡ್ಡ ಸಂಖ್ಯೆ ಕಂಡರೆ, ಅದರ ಜೊತೆಗೇ ಅಳೆದಿದ್ದರೂ ಸುದ್ದಿಗೆ ಬಾರದೆ ಉಳಿದ ಇನ್ನೊಂದು ಸಂಖ್ಯೆಯನ್ನು ಮೂಲ ಪ್ರಬಂಧದಲ್ಲಿ ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈ ಅಭ್ಯಾಸ ಶುರುವಾದದ್ದು 2022ರ ಡಿಸೆಂಬರ್‌ನಲ್ಲಿ, ಸ್ವಲ್ಪ ಮುಜುಗರಪಟ್ಟ ಮೇಲೆ.

ಆ ತಿಂಗಳ 5ರಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳು ಬೆರಳ ತುದಿಯಷ್ಟಿದ್ದ ಚಿನ್ನದ ಕೊಳವೆಯೊಂದರ ಒಳಗೋಡೆಗೆ ಬಡಿದವು. ಕಾದ ಗೋಡೆಯಿಂದ ಹೊಮ್ಮಿದ ಕ್ಷ-ಕಿರಣಗಳು ಒಳಗಿದ್ದ ಮೆಣಸಿನಕಾಳು ಗಾತ್ರದ ಗುಳಿಗೆಯ ಹೊರಪದರವನ್ನು ಸುಟ್ಟು ಸಿಡಿಸಿದವು. ಹೊರಪದರ ಹೊರಕ್ಕೆ ಚಿಮ್ಮಿದ ರಭಸಕ್ಕೆ ಒಳಗಿನ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಎಂಬ ಭಾರದ ಹೈಡ್ರೋಜನ್ ಬಗೆಗಳು ಕುಗ್ಗಿ, ಕಾದು, ಒಂದಕ್ಕೊಂದು ಬೆಸೆದುಕೊಂಡವು. ಗುರಿಗೆ ತಲುಪಿದ ಲೇಸರ್ ಶಕ್ತಿ 2.05 ಮೆಗಾಜೂಲ್, ಈ ಬೆಸುಗೆಯಿಂದ, ಅಂದರೆ ಸಮ್ಮಿಳನದಿಂದ, ಹೊರಬಂದದ್ದು 3.15 ಮೆಗಾಜೂಲ್. ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬಂತು ಎಂಬ ಸುದ್ದಿ ಓದಿ, ಇನ್ನು ಹತ್ತು ವರ್ಷಗಳಲ್ಲಿ ಸಮ್ಮಿಳನದ ವಿದ್ಯುತ್ತು ಬರುತ್ತದೆ ಎಂದು ಸ್ನೇಹಿತರೊಬ್ಬರಿಗೆ ಧಾರಾಳವಾಗಿ ಹೇಳಿಯೂ ಬಿಟ್ಟೆ. ಆ 2.05 ಮೆಗಾಜೂಲ್ ಬೆಳಕನ್ನು ಹುಟ್ಟಿಸಲು ಲೇಸರ್ ವ್ಯವಸ್ಥೆ ವಿದ್ಯುತ್ ಜಾಲದಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೂಲ್ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ರಾತ್ರಿ.

ಹಾಗೆಂದು ಅವರ ಲೆಕ್ಕ ಮೋಸದ್ದಲ್ಲ. ಅವರು ಕೇಳಿಕೊಂಡಿದ್ದ ಪ್ರಶ್ನೆಯೇ ಬೇರೆ: ಸಮ್ಮಿಳನದಲ್ಲಿ ಹುಟ್ಟಿದ ಹೀಲಿಯಂ ಪರಮಾಣು ಬೀಜಗಳು ತಮ್ಮ ಶಾಖವನ್ನು ಅಕ್ಕಪಕ್ಕದ ಇಂಧನಕ್ಕೆ ದಾಟಿಸಿ, ಆ ಉರಿ ತನ್ನಷ್ಟಕ್ಕೆ ತಾನೇ ಹಬ್ಬುತ್ತದೆಯೇ? ಹಬ್ಬುತ್ತದೆ ಎಂದು ತೋರಿಸಿದ್ದು ನಿಜವಾದ ಸಾಧನೆ. ನನಗಂತೂ ಅದಕ್ಕಿಂತ ರುಚಿಸಿದ್ದು ಅದರ ಹಿಂದಿನ ವರ್ಷದ ಕಥೆ. 2021ರ ಆಗಸ್ಟ್‌ನಲ್ಲಿ ಇದೇ ಯಂತ್ರ ಸುಮಾರು 1.3 ಮೆಗಾಜೂಲ್ ಕೊಟ್ಟಿತ್ತು. ಅದೇ ಪ್ರಯೋಗವನ್ನು ಹಲವು ಬಾರಿ ಮರಳಿ ಮಾಡಿದಾಗ ಅಷ್ಟು ಬರಲೇ ಇಲ್ಲ. ಗುಳಿಗೆಯ ಚಿಪ್ಪಿನಲ್ಲಿರುವ, ಬರಿಗಣ್ಣಿಗೆ ಕಾಣದ ಕುಳಿಗಳಂಥ ದೋಷಗಳೂ ಫಲಿತಾಂಶವನ್ನು ಬುಡಮೇಲು ಮಾಡಬಲ್ಲವು ಎಂಬುದು ಆ ಸೋಲುಗಳಿಂದ ಸ್ಪಷ್ಟವಾಯಿತು.

ಎರಡನೆಯ ಸಂಖ್ಯೆಯನ್ನು ಮುಚ್ಚಿಡದೆ ಎದುರಿಗೇ ಇಡುವ ಸಂಶೋಧನೆಗಳೂ ಉಂಟು. ಪ್ರೋಟೀನಿನ ಅಮೈನೋ ಆಮ್ಲಗಳ ಸಾಲನ್ನು ಕೊಟ್ಟರೆ ಅದು ಹೇಗೆ ಮಡಚಿಕೊಳ್ಳುತ್ತದೆಂದು ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶ, ತನ್ನ ಊಹೆಯ ಪ್ರತಿಯೊಂದು ಅಮೈನೋ ಆಮ್ಲದ ಸ್ಥಾನಕ್ಕೂ ನೂರಕ್ಕೆ ಇಷ್ಟು ಎಂದು ಭರವಸೆಯ ಅಂಕವನ್ನು ತಾನೇ ಕೊಡುತ್ತದೆ. ಪರದೆಯ ಮೇಲೆ 90ಕ್ಕಿಂತ ಹೆಚ್ಚಿನ ಅಂಕದ ಭಾಗಗಳು ಕಡುನೀಲಿಯಾಗಿಯೂ, 50ಕ್ಕಿಂತ ಕಡಿಮೆಯವು ಕಿತ್ತಳೆಯಾಗಿಯೂ ಕಾಣುತ್ತವೆ. ಬಿಗಿಯಾಗಿ ಸುತ್ತಿಕೊಂಡ ನೀಲಿ ಉಂಡೆಯ ಸುತ್ತ ಕಿತ್ತಳೆ ಬಣ್ಣದ ದಾರ ಸಿಕ್ಕುಸಿಕ್ಕಾಗಿ ಹರಡಿಕೊಂಡ ಚಿತ್ರವನ್ನು ಮೊದಲು ನೋಡಿದಾಗ ಅದು ತಂತ್ರಾಂಶದ ಸೋಲು ಎಂದುಕೊಂಡಿದ್ದೆ. ಎಷ್ಟೋ ಸಲ ಪ್ರೋಟೀನಿನ ಆ ಭಾಗಕ್ಕೆ ನಿಶ್ಚಿತ ಆಕಾರವೇ ಇರುವುದಿಲ್ಲ ಎಂದು ಆಮೇಲೆ ತಿಳಿಯಿತು. 20 ಕೋಟಿಗೂ ಹೆಚ್ಚು ರಚನೆಗಳ ಸಂಗ್ರಹ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಪಾಲು, ಇವೆಲ್ಲ ಸುದ್ದಿಯಾದವು. ಆ ಕಿತ್ತಳೆ ಬಣ್ಣ ಮಾತ್ರ ಸುದ್ದಿಯಾಗಲಿಲ್ಲ.

ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕುಡುಗೋಲು ಕಣ (ಸಿಕಲ್ ಸೆಲ್) ರೋಗಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟ ಜೀನ್ ತಿದ್ದುವ ಚಿಕಿತ್ಸೆಯಲ್ಲಿ, ಫಲಿತಾಂಶವನ್ನು ಅಳೆಯಲು ಸಾಧ್ಯವಾದ 31 ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಿಕ್ಕಟ್ಟು ಮರುಕಳಿಸಲಿಲ್ಲ. ಇಲ್ಲಿ ಪಕ್ಕದ ಸಂಗತಿಯೆಂದರೆ, ತಿದ್ದಿದ ಕೋಶಗಳಿಗೆ ಜಾಗ ಮಾಡಿಕೊಡಲು ರೋಗಿಯ ಅಸ್ಥಿಮಜ್ಜೆಯನ್ನು ಮೊದಲು ಪ್ರಬಲ ಕೀಮೋಥೆರಪಿಯಿಂದ ಬರಿದು ಮಾಡಬೇಕು.

2024ರ ಡಿಸೆಂಬರ್‌ನಲ್ಲಿ ಗೂಗಲ್ ಪ್ರಕಟಿಸಿದ ವಿಲ್ಲೋ ಎಂಬ 105 ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಗಳ) ಚಿಪ್‌ನ ವಿಷಯದಲ್ಲಂತೂ ಶೀರ್ಷಿಕೆಗೆ ಹೋದದ್ದು ತಪ್ಪು ಸಂಖ್ಯೆ ಎಂದೇ ನನ್ನ ಅಭಿಪ್ರಾಯ. ಸೂಪರ್‌ಕಂಪ್ಯೂಟರಿಗೆ ಊಹೆಗೂ ಮೀರಿದಷ್ಟು ವರ್ಷ ಹಿಡಿಯುವ ಲೆಕ್ಕವನ್ನು ಅದು ಐದು ನಿಮಿಷದೊಳಗೆ ಮುಗಿಸಿತು ಎಂಬುದು ಎಲ್ಲೆಡೆ ಬಂತು, ಆದರೆ ಆ ಲೆಕ್ಕದಿಂದ ಸದ್ಯಕ್ಕೆ ಯಾರಿಗೂ ಪ್ರಯೋಜನವಿಲ್ಲ. ಅಸಲು ಫಲಿತಾಂಶ ಬೇರೆ: ಕ್ಯೂಬಿಟ್‌ಗಳ ಜಾಲವನ್ನು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಹಿಗ್ಗಿಸಿದಾಗ ಪ್ರತಿ ಹಂತದಲ್ಲೂ ದೋಷದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿಯವರೆಗೆ ಕ್ಯೂಬಿಟ್‌ಗಳನ್ನು ಹೆಚ್ಚಿಸಿದಷ್ಟೂ ದೋಷ ಹೆಚ್ಚುವುದೇ ಈ ಕ್ಷೇತ್ರದ ದೊಡ್ಡ ತಲೆನೋವಾಗಿತ್ತು.

ಪಕ್ಕದ ಸಂಖ್ಯೆಯೊಂದು ಇಡೀ ಸುದ್ದಿಯನ್ನೇ ನುಂಗಿದ ಪ್ರಸಂಗವೆಂದರೆ ಎಲ್‌ಕೆ-99. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡವೊಂದು, ಸೀಸದ ಖನಿಜಕ್ಕೆ ತಾಮ್ರ ಬೆರೆಸಿ ತಯಾರಿಸಿದ ವಸ್ತು ಮಾಮೂಲು ಒತ್ತಡದಲ್ಲಿ, ಕೋಣೆಯ ಉಷ್ಣಾಂಶದಲ್ಲೇ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತಿಗೆ ರೋಧವನ್ನೇ ಒಡ್ಡುವುದಿಲ್ಲ ಎಂದು ಹೇಳಿಕೊಂಡಿತು. ಕರಿಯ ಚೂರೊಂದು ಅಯಸ್ಕಾಂತದ ಮೇಲೆ ಒಂದು ಬದಿ ಊರಿ, ಇನ್ನೊಂದು ಬದಿ ಎತ್ತಿಕೊಂಡು ನಿಂತ ವಿಡಿಯೋವನ್ನು ನಾನೂ ಹತ್ತಾರು ಸಲ ನೋಡಿದೆ. ಪ್ರಬಂಧದಲ್ಲಿ ವಿದ್ಯುತ್ ರೋಧ ಥಟ್ಟನೆ ಕುಸಿದದ್ದು ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಯಾರಿಕೆಯ ವೇಳೆ ಕಲ್ಮಶವಾಗಿ ಉಳಿಯುವ ತಾಮ್ರದ ಸಲ್ಫೈಡ್ (ತಾಮ್ರ ಮತ್ತು ಗಂಧಕದ ಸಂಯುಕ್ತ) ಕೂಡ ತನ್ನ ಒಳರಚನೆಯನ್ನು ಬದಲಿಸಿಕೊಳ್ಳುವುದು ಸರಿಸುಮಾರು ಅದೇ ಉಷ್ಣಾಂಶದಲ್ಲಿ, ಆಗ ಅದರ ರೋಧವೂ ಬೀಳುತ್ತದೆ ಎಂಬುದು ರಸಾಯನಶಾಸ್ತ್ರಜ್ಞರಿಗೆ ಹಳೆಯ ವಿಷಯ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಗಂಧಕದ ಸೋಂಕೇ ಇಲ್ಲದಂತೆ ಅದೇ ವಸ್ತುವಿನ ಶುದ್ಧ ಹರಳುಗಳನ್ನು ಬೆಳೆಸಿದರು. ಬಂದದ್ದು ಕರಿಯ ಚೂರಲ್ಲ, ಬೆಳಕು ಹಾಯುವ ನೇರಳೆ ಹರಳು. ಅದರ ರೋಧ ಲಕ್ಷಾಂತರ ಓಮ್.