ಎಡ ಹಿಂಚಕ್ರದ ಗಾಳಿ ಎಲ್ಲಿಗೆ ಹೋಗುತ್ತಿತ್ತು?

ನನ್ನ ಕಾರಿನಲ್ಲಿ ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ, ಮೂರು ತಿಂಗಳಿಂದ ಕಾಡುತ್ತಿದ್ದ ಹಳದಿ ದೀಪ ಆರಿ ಇಂದಿಗೆ ಹದಿನಾರು ದಿನ. ಕುದುರೆಲಾಳದ ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ಆ ದೀಪ ಸರಿಸುಮಾರು ಮೂರು ವಾರಕ್ಕೊಮ್ಮೆ ಹೊತ್ತಿಕೊಳ್ಳುತ್ತಿತ್ತು. ಎಡ ಹಿಂಚಕ್ರಕ್ಕೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿಸಿದರೆ ಆರುತ್ತಿತ್ತು, 25ರ ಹತ್ತಿರ ಇಳಿದಾಗ ಮತ್ತೆ ಹೊತ್ತುತ್ತಿತ್ತು. ಕೀಲಿ ತಿರುಗಿಸಿದ ಕೂಡಲೇ ಒಂದು ನಿಮಿಷ ಮಿನುಗಿ ಆಮೇಲೆ ಸ್ಥಿರವಾಗಿ ಉರಿಯುವ ದೀಪವಾಗಿದ್ದರೆ ಚಕ್ರದೊಳಗೆ ಕುಳಿತು ಒತ್ತಡ ಅಳೆಯುವ ಸೆನ್ಸರಿನ ಬ್ಯಾಟರಿಯನ್ನೋ ಅದರ ಸಂಕೇತವನ್ನೋ ಶಂಕಿಸಬೇಕಿತ್ತು. ಇದು ಮಿನುಗದೆ ನೇರವಾಗಿ ಹೊತ್ತುತ್ತಿತ್ತು. ಅಲ್ಲದೆ ಡಿಜಿಟಲ್ ಗೇಜಿನ ಅಂಕಿಯೂ ಡ್ಯಾಶ್‌ಬೋರ್ಡಿನ ಅಂಕಿಯೂ ಅರ್ಧ ಪಿಎಸ್‌ಐ ಒಳಗೆ ತಾಳೆಯಾಗುತ್ತಿದ್ದವು. ಹೀಗಾಗಿ ಸೆನ್ಸರ್ ನಿಜವನ್ನೇ ಹೇಳುತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಸರ್ವಿಸ್ ಕೇಂದ್ರದವರ ವಿವರಣೆ ಬೇರೆಯಾಗಿತ್ತು. ‘ನೀವು ಕಡಲತೀರದಿಂದ ಮಡಿಕೇರಿಗೆ ಹೋಗಿಬರುತ್ತೀರಿ, ಅಲ್ಲಿನ ಚಳಿಗೆ ಗಾಳಿ ಕುಗ್ಗುತ್ತದೆ’ ಎಂದರು. ಚಳಿಗೆ ಒತ್ತಡ ಇಳಿಯುವುದು ನಿಜ. ಮಲ್ಪೆಯ 32 ಡಿಗ್ರಿಯಿಂದ ಘಟ್ಟದ ಮೇಲಿನ ಬೆಳಗಿನ 16 ಡಿಗ್ರಿಗೆ ಬಂದರೆ ಸುಮಾರು ಎರಡೂವರೆ ಪಿಎಸ್‌ಐ ಕಡಿಮೆಯಾಗಬೇಕು. ಆದರೆ ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ಹೊರಗಿನ ವಾತಾವರಣದ ಒತ್ತಡವೇ ಹೆಚ್ಚುಕಡಿಮೆ ಎರಡು ಪಿಎಸ್‌ಐ ಇಳಿದಿರುತ್ತದೆ, ಗೇಜು ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನಾದ್ದರಿಂದ ಅಷ್ಟನ್ನು ಹೆಚ್ಚಿಗೆ ತೋರಿಸುತ್ತದೆ. ಒಂದು ಕಳೆದದ್ದನ್ನು ಇನ್ನೊಂದು ತುಂಬಿಕೊಟ್ಟು ಕೊನೆಗೆ ಉಳಿಯುವ ವ್ಯತ್ಯಾಸ ಅರ್ಧ ಪಿಎಸ್‌ಐ. ಅದಕ್ಕಿಂತ ಮುಖ್ಯವಾಗಿ, ಚಳಿ ನಾಲ್ಕೂ ಚಕ್ರಗಳಿಗೆ ಒಂದೇ ತೆರನಾಗಿ ತಗಲಬೇಕಲ್ಲವೇ? ಹತ್ತು ದಿನ ಬೆಳಗ್ಗೆ ಕಾರು ಕದಲಿಸುವ ಮುನ್ನ ನಾಲ್ಕೂ ಚಕ್ರಗಳ ಒತ್ತಡವನ್ನು ಬರೆದಿಟ್ಟೆ. ಮೂರರ ಅಂಕಿ ಅಲುಗಲಿಲ್ಲ, ನಾಲ್ಕನೆಯದು ದಿನಕ್ಕೆ 0.4ರಂತೆ ಇಳಿಯುತ್ತಲೇ ಹೋಯಿತು.

ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಎರಡು ಸಲ ಮುಳುಗಿಸಿ ನೋಡಿದರೂ ಏನೂ ಸಿಗಲಿಲ್ಲ. ಚಕ್ರವನ್ನು ನೀರಿಗಿಳಿಸಿದೊಡನೆ ರಬ್ಬರಿನ ಗೀರುಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಗುಳ್ಳೆಯಾಗಿ ಏಳುವುದರಿಂದ ಸಣ್ಣ ಸೋರಿಕೆ ಅದರ ನಡುವೆ ಮರೆಯಾಗುತ್ತದೆ. ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿದರೆ ಒಂದು ಗುಳ್ಳೆಯೂ ಇಲ್ಲ. ಆದರೂ ವಾಲ್ವ್ ಪಿನ್ (ವಾಲ್ವಿನೊಳಗೆ ಕುಳಿತು ಗಾಳಿ ತಡೆಯುವ ಸಣ್ಣ ಭಾಗ) ಬದಲಿಸಿಯೇ ಬಿಡೋಣವೆಂದು ತರಿಸಿದಾಗ, ನಿಕಲ್ ಲೇಪನದ್ದು ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ, ಮಾರಾಟಗಾರರು ಎರಡು ಸಲವೂ ಬರಿಯ ಹಿತ್ತಾಳೆಯದನ್ನು ಕಳುಹಿಸಿದರು. ಸೆನ್ಸರಿಗೆ ಜೋಡಿಸಿರುವ ವಾಲ್ವಿನ ಅಲ್ಯೂಮಿನಿಯಂ ಕೊಳವೆಯೊಳಗೆ ಹಿತ್ತಾಳೆಯ ಪಿನ್ ಹಾಕಿದರೆ, ನಮ್ಮ ಉಪ್ಪುಗಾಳಿಯಲ್ಲಿ ಎರಡು ಲೋಹಗಳೂ ಒಂದಕ್ಕೊಂದು ಕಚ್ಚಿಕೊಂಡು, ಮುಂದೊಂದು ದಿನ ಪಿನ್ ಬಿಚ್ಚಲು ಹೋದಾಗ ಕೊಳವೆಯೇ ಮುರಿಯುತ್ತದೆ. ಇಷ್ಟು ಮುಖ್ಯವಾದ ವ್ಯತ್ಯಾಸವನ್ನು ‘ಎಲ್ಲ ಒಂದೇ ಸಾರ್’ ಎಂದು ತಳ್ಳಿಹಾಕುವವರ ಮೇಲೆ ನನಗೆ ಇನ್ನೂ ಕೋಪವಿದೆ.

ಕಳೆದ ತಿಂಗಳ ಒಂದು ಭಾನುವಾರ ಚಕ್ರವನ್ನು ಬಿಚ್ಚಿ, ಹೊರಮುಖ ಕೆಳಗಾಗುವಂತೆ ಹಳೆಯ ಗೋಣಿಚೀಲದ ಮೇಲೆ ಮಲಗಿಸಿದೆ. ಹಾಗೆ ಮಲಗಿಸಿದಾಗ ರಿಮ್ಮಿನ ಒಳಅಂಚಿಗೂ ಟೈರಿನ ಬೀಡಿಗೂ (ರಿಮ್ಮಿಗೆ ಒತ್ತಿ ಕೂರುವ ದಪ್ಪ ಅಂಚಿಗೂ) ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಏರ್ಪಡುತ್ತದೆ. ಅದರ ತುಂಬ ಸೋಪಿನ ನೀರು ಹೊಯ್ದು, ಗಾಳಿ ಬೀಸದಂತೆ ಬಾಗಿಲು ಮುಚ್ಚಿ, ಇಪ್ಪತ್ತು ನಿಮಿಷ ಕಾದೆ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಒಂದು ಕಡೆ, ಸುಮಾರು ಏಳು ಸೆಂಟಿಮೀಟರ್ ಉದ್ದಕ್ಕೆ, ಹುದುಗು ಬಂದ ದೋಸೆಹಿಟ್ಟಿನ ಅಂಚಿನಲ್ಲಿ ಏಳುವಂಥ ಸಾಸಿವೆಗಿಂತ ಸಣ್ಣ ಬಿಳಿ ನೊರೆ ಸಾಲುಗಟ್ಟಿ ನಿಂತಿತು. ಬೆರಳಿನಿಂದ ಒರೆಸಿದೆ, ಅದೇ ಜಾಗದಲ್ಲಿ ಮತ್ತೆ ಎದ್ದಿತು. ಮೂರು ತಿಂಗಳ ಹುಡುಕಾಟದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ದೃಶ್ಯ ಇನ್ನೊಂದಿಲ್ಲ.

ಪಂಕ್ಚರ್ ಅಂಗಡಿಯ ಅಣ್ಣನವರು ವಾಲ್ವಿನಿಂದ ದೂರದ ಕಡೆಯಲ್ಲೇ ಒತ್ತಿ ಬೀಡ್ ಬಿಡಿಸಿಕೊಟ್ಟರು. ಸೆನ್ಸರ್ ಕುಳಿತ ಜಾಗದಲ್ಲಿ ಒತ್ತಿದ್ದರೆ ಅದು ಪುಡಿಯಾಗುತ್ತಿತ್ತು. ಟೈರು ಸರಿದಾಗ ಕಾರಣ ಕಣ್ಣೆದುರಿಗೇ ಇತ್ತು. ರಿಮ್ಮಿನ ಬಣ್ಣದ ಪದರ ಎದ್ದು, ಅದರಡಿಯಲ್ಲಿ ಅಲ್ಯೂಮಿನಿಯಂ ತುಕ್ಕು ಸುಣ್ಣದ ಪುಡಿಯಂತೆ ಕುಳಿತಿತ್ತು. ಉಗುರಿನಿಂದ ಕೆರೆದರೆ ಹಪ್ಪಳದ ಚೂರಿನಂತೆ ಬಣ್ಣ ಕಳಚಿ ಬರುತ್ತಿತ್ತು. ಗ್ರೈಂಡರ್ ಹಿಡಿಯಲು ಬಂದವರನ್ನು ತಡೆದು, ತಂತಿಬ್ರಷ್ಷಿನಿಂದ ಉಜ್ಜಿ, ಬಳಿಕ 220ರ ಎಮರಿ ಪೇಪರಿನಿಂದ ಕೈಯಲ್ಲೇ ನುಣುಪು ಮಾಡಿದೆ. ಯಂತ್ರ ಒಂದು ಕ್ಷಣ ಹೆಚ್ಚು ನಿಂತರೂ ಅಲ್ಲಿ ತಗ್ಗು ಬಿದ್ದು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಬೀಡಿನ ರಬ್ಬರಿಗೆ ಅಂಟಿದ್ದ ಪುಡಿಯನ್ನೂ ಒರೆಸಿ, ಸೋರಿಕೆ ತಡೆಯುವ ಸೀಲರನ್ನು ತೆಳುವಾಗಿ ಬಳಿದು ಟೈರು ಕೂರಿಸಿ, ಬ್ಯಾಲೆನ್ಸಿಂಗ್ ಮಾಡಿಸಿದೆವು. ಅಂದು ತಣ್ಣಗಿನ ಟೈರಿಗೆ 33 ಹಾಕಿದ್ದು ಇಂದು ಬೆಳಗ್ಗೆ 32.5 ಇದೆ, ಉಳಿದ ಮೂರರದ್ದೂ ಅಷ್ಟೇ.

ಈ ಕೆಲಸದ ನಡುವೆಯೇ ಮುಂದಿನದ್ದೂ ತಲೆಗೆ ಹೊಕ್ಕಿದೆ. ಈ ಸೆನ್ಸರ್‌ಗಳು 433.92 ಮೆಗಾಹರ್ಟ್ಸ್ ರೇಡಿಯೋ ತರಂಗದಲ್ಲಿ ಒತ್ತಡದ ಜೊತೆ ತಾಪಮಾನವನ್ನೂ ಕಳುಹಿಸುತ್ತವೆ. ರೇಡಿಯೋ ಸಂಕೇತ ಹಿಡಿಯುವ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಆ ಸಂಕೇತವನ್ನು ಓದುವ ಆರ್‌ಟಿಎಲ್_433 ತಂತ್ರಾಂಶ ಇದ್ದರೆ ಎರಡನ್ನೂ ದಾಖಲಿಸಿಕೊಂಡು, ಮಡಿಕೇರಿಯ ಘಟ್ಟ ಹತ್ತುವಾಗ ಮೇಲೆ ಹಾಕಿದ ಲೆಕ್ಕ ಎಷ್ಟು ಸರಿಯೆಂದು ಅಳೆಯಬಹುದು. ಡಾಂಗಲ್ ತರಿಸಿದ್ದೇನೆ. ಆದರೆ ಬಲ ಹಿಂಚಕ್ರದ ಒಳಅಂಚಿನಲ್ಲೂ ಬಣ್ಣ ಬೆರಳುಗುರಿನಷ್ಟು ಉಬ್ಬಿರುವುದು ನಿನ್ನೆ ಕಣ್ಣಿಗೆ ಬಿತ್ತು. ಬರುವ ಭಾನುವಾರ ಗೋಣಿಚೀಲ ಹಾಸಿ ಮಲಗಿಸುವುದು ಅದನ್ನೇ.