ಸಿಯಾಟಲ್‌ನಲ್ಲಿ ಅಪ್ಪನ ಎನ್‌ಎಂಆರ್

ನಾನಿರೋ ಅಮೆರಿಕದ ಸಿಯಾಟಲಲ್ಲಿ ಸಿಟಿಯವ್ರ, ಅಂದ್ರೆ ನಗರಪಾಲಿಕೆಯವ್ರ ಹತ್ರ ಒಂದು ಫಂಡ್ ಇದೆ, ನೇಬರ್‌ಹುಡ್ ಮ್ಯಾಚಿಂಗ್ ಫಂಡ್ ಅಂತ, 1988ರಲ್ಲಿ ಶುರುವಾಗಿದ್ದು. ಏರಿಯಾದ ಜನ ಒಟ್ಟಾಗಿ ನಮ್ಗೆ ಇಂಥದ್ದೊಂದು ಬೇಕು ಅಂತ ಅರ್ಜಿ ಹಾಕಿದ್ರೆ ದುಡ್ಡು ಕೊಡ್ತಾರೆ, ಆದ್ರೆ ಬರೀ ಕೈ ಚಾಚ್ಕೊಂಡು ನಿಂತ್ರೆ ಆಗಲ್ಲ, ನಮ್ ಕಡೆಯಿಂದಾನೂ ಪಾಲು ಬೀಳ್ಬೇಕು. ಆ ಪಾಲು ಕ್ಯಾಶೇ ಆಗ್ಬೇಕು ಅಂತೇನಿಲ್ಲ, ಯಾರೋ ಪುಕ್ಕಟೆ ಕೊಟ್ಟ ಮರ, ಮಣ್ಣು ಆಗ್ಬೋದು, ಪಕ್ಕದ್ಮನೆ ಆರ್ಕಿಟೆಕ್ಟ್ ಫೀಸ್ ತಗೊಳ್ದೆ ಹಾಕ್ಕೊಟ್ಟ ಡ್ರಾಯಿಂಗ್ ಆಗ್ಬೋದು, ಇಲ್ಲಾ ಸುಮ್ನೆ ಜನ ಬಂದು ಅಗೆದ ಗಂಟೆಗಳೂ ಆಗ್ಬೋದು. ಗಂಟೆಗೆ ಇಷ್ಟು ಅಂತ ಲೆಕ್ಕ ಕಟ್ಟಿ ಅದನ್ನೇ ಜನರ ಪಾಲು ಅಂತ ಒಪ್ಕೋತಾರೆ. ಇದನ್ನ ಮೊದಲ ಸಲ ಅಪ್ಪಂಗೆ ಹೇಳಿದಾಗ ಅವರು ನಕ್ಕಿದ್ದು ನೋಡ್ಬೇಕಿತ್ತು.

ನಮ್ಮಪ್ಪ ತಿಪಟೂರು ಕಡೆ ಜಿಲ್ಲಾ ಪಂಚಾಯ್ತಿ ಇಂಜಿನಿಯರಿಂಗ್ ವಿಭಾಗದಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದೋರು. "ವಂತಿಕೆ ತಾನೇ ಇದು? ಅದೆಲ್ಲಾ ನೋಡಾಗಿದೆ ಬಿಡಮ್ಮ" ಅಂದ್ರು. ಅವರು ಹೇಳಿದ್ದು ಸ್ವಜಲಧಾರಾ ಸ್ಕೀಮಿಂದು, 2002ರಲ್ಲಿ ಬಂದಿದ್ದು, ಕುಡಿಯೋ ನೀರಿನ ಕೆಲಸಕ್ಕೆ ಖರ್ಚಿನ ಶೇಕಡಾ 10 ಊರಿನೋರೇ ಹಾಕ್ಬೇಕು ಅಂತ ರೂಲ್ಸ್ ಇತ್ತು. ಊರಿನೋರು ಹಾಕ್ದಂಗೆ ಪುಸ್ತಕದಲ್ಲಿ ಇರ್ತಿತ್ತಂತೆ, ನಿಜವಾಗಿ ಕಟ್ತಿದ್ದಿದ್ದು ಒಂದೊಂದ್ ಕಡೆ ಕಂಟ್ರಾಕ್ಟರ್ರೇ ಅಂತೆ. ಕಟ್ಟಿದ್ದನ್ನ ಸಿಮೆಂಟ್ ಕಮ್ಮಿ ಹಾಕಿ ವಾಪಸ್ ತೆಗೀತಿದ್ದ ಅನ್ನೋದು ಅಪ್ಪನ ವಾದ.

ಸರಿ, ವಿಷಯಕ್ಕೆ ಬರ್ತೀನಿ. ನಮ್ಮನೆ ಹತ್ರ ಒಂದು ಪಿ-ಪ್ಯಾಚ್ ಇದೆ. ಪಿ-ಪ್ಯಾಚ್ ಅಂದ್ರೆ ಸಿಟಿಯವ್ರು ನಡೆಸೋ ಸಮುದಾಯ ತೋಟ, ಊರಲ್ಲೆಲ್ಲಾ ಹತ್ರತ್ರ ತೊಂಬತ್ತು ಇವೆ. ಪಿಕಾರ್ಡೊ ಅಂತ ಇಟಲಿಯಿಂದ ಬಂದ ಮನೆತನದೋರ ತರಕಾರಿ ಹೊಲದಲ್ಲಿ 1973ರಲ್ಲಿ ಶುರುವಾಯ್ತು, ಬೋಯಿಂಗ್ ಕಂಪನೀಲಿ ಸಾವಿರಾರು ಜನ ಕೆಲಸ ಕಳ್ಕೊಂಡಿದ್ದ ಕಾಲ ಅದು. ಈಗ ಅಪಾರ್ಟ್‌ಮೆಂಟಲ್ಲಿ ಇರೋರು ವರ್ಷಕ್ಕೊಂದ್ಸಲ ಸಣ್ಣ ಫೀಸ್ ಕಟ್ಟಿ ಒಂದು ತುಂಡು ಜಾಗ ತಗೋಬೋದು, ಹತ್ತಡಿ ಹತ್ತಡಿ ಅಂದ್ಕೊಳಿ. ಕೆಮಿಕಲ್ ಹಾಕಂಗಿಲ್ಲ. ಬೆಳೆದು ಮಿಕ್ಕಿದ್ದನ್ನ ಫುಡ್ ಬ್ಯಾಂಕಿಗೆ, ಅಂದ್ರೆ ಇಲ್ದೋರಿಗೆ ಪುಕ್ಕಟೆ ದಿನಸಿ ಹಂಚೋ ಕಡೆಗೆ ಕೊಡೋದು ಅಲ್ಲಿ ವಾಡಿಕೆ. ಜಾಗ ಬೇಗ ಸಿಗಲ್ಲ, ವೇಟಿಂಗ್ ಲಿಸ್ಟಲ್ಲಿ ಕೂತು ಕೂತು ನಾನು ಮೆಂತ್ಯ ಸೊಪ್ಪಿನ ಆಸೇನೇ ಬಿಟ್ಟಿದ್ದೆ, ಆಮೇಲೆ ಸಿಕ್ತು.

ನಮ್ ತೋಟದ ಒಂದು ಮೂಲೆ ಪೂರ್ತಿ ಬ್ಲ್ಯಾಕ್‌ಬೆರಿ ಮುಳ್ಳು ಹಬ್ಬಿ ಹಾಳು ಬಿದ್ದಿತ್ತು. ಅದನ್ನ ತೆಗೆದು, ವೀಲ್‌ಚೇರಲ್ಲಿ ಬರೋರಿಗೆ, ಬಗ್ಗೋಕಾಗ್ದಿರೋ ವಯಸ್ಸಾದೋರಿಗೆ ಕೈಗೆಟುಕೋ ಎತ್ತರದ ಮಡಿಗಳನ್ನ ಸೀಡರ್ ಹಲಗೇಲಿ ಕಟ್ಬೇಕು ಅಂತ ಪ್ಲಾನ್. ಅದಕ್ಕೆ ಗ್ರಾಂಟ್ ಸ್ಯಾಂಕ್ಷನ್ ಆಗಿತ್ತು. ನಮ್ ಪಾಲಿನ ಗಂಟೆ ತುಂಬಿಸ್ಬೇಕಲ್ಲ, ಮೇ ತಿಂಗಳ ಒಂದು ಶನಿವಾರ ವರ್ಕ್ ಪಾರ್ಟಿ, ಅಂದ್ರೆ ಎಲ್ರೂ ಸೇರಿ ಪುಕ್ಕಟೆ ಕೆಲಸ ಮಾಡೋದು, ಇಟ್ಕೊಂಡ್ರು. ಅಪ್ಪ ಅಮ್ಮ ಬಂದು ಸುಮಾರು ದಿನ ಆಗಿತ್ತು, ಅಪ್ಪಂಗೆ ಮನೇಲಿ ಕೂತು ಕೂತು ತಲೆ ಕೆಟ್ಟಿತ್ತು, ನಾನೂ ಬರ್ತೀನಿ ಅಂತ ಹೊರಟ್ರು. ಅಮ್ಮಂಗೆ ಒಂದೇ ಭಯ, ವಿಸಿಟರ್ ವೀಸಾದಲ್ಲಿ ಬಂದು ಕೂಲಿ ಮಾಡಿದ್ರೆ ಹಿಡ್ಕೊಂಡು ಹೋಗಲ್ವಾ ಅಂತ. ಸಂಬಳ ಇಲ್ಲಮ್ಮ, ಸುಮ್ನೆ ಸೇವೆ, ಏನಾಗಲ್ಲ ಅಂದೆ. "ಸಂಬಳ ಇಲ್ದೆ ಇರೋದಕ್ಕೆ ಹಿಡ್ಕೊಂಡು ಹೋಗ್ಬೇಕು ಇವ್ರನ್ನ" ಅಂದ್ರು.

ಗೇಟಲ್ಲೇ ಒಂದು ಮೇಜು, ಅದರ ಮೇಲೆ ಶೀಟು. ಹೆಸರು, ಬಂದ ಟೈಮು, ಹೋದ ಟೈಮು, ಏನ್ ಕೆಲಸ, ಸೈನು. ಅಪ್ಪ ಕನ್ನಡಕ ಏರಿಸ್ಕೊಂಡು ಮೇಲಿಂದ ಕೆಳಗೆ ನೋಡಿದ್ರು. "ಇದು ಎನ್‌ಎಂಆರ್ ಕಣಮ್ಮ!" ನಾಮಿನಲ್ ಮಸ್ಟರ್ ರೋಲ್, ಅಂದ್ರೆ ಕೂಲಿಯವ್ರ ಹಾಜರಿ ಪಟ್ಟಿ, ಅವರ ಸರ್ವಿಸ್ ಪೂರ್ತಿ ಬರೆದಿದ್ದು, ತಿದ್ದಿದ್ದು, ಅದಕ್ಕಾಗಿ ಜಗಳ ಆಡಿದ್ದು ಎಲ್ಲಾ ಅದನ್ನೇ. ಡ್ರಾಯಿಂಗ್ ಹಾಕ್ಕೊಟ್ಟ ಆರ್ಕಿಟೆಕ್ಟ್ ಗಂಟೆಗೆ ಅವರ ಕಸುಬಿನ ರೇಟು, ಮಣ್ಣು ಹೊರೋ ನಮ್ ಗಂಟೆಗೆ ಬೇರೆ ರೇಟು ಅಂತ ಹೇಳಿದ್ಮೇಲಂತೂ "ಓ, ಎಸ್.ಆರ್. ಬೇರೆ ಇದೆ" ಅಂತ ಮುಖ ಅರಳಿಬಿಡ್ತು, ಎಸ್.ಆರ್. ಅಂದ್ರೆ ಸರ್ಕಾರಿ ಕೆಲಸಗಳ ದರಪಟ್ಟಿ. ಅಮೆರಿಕದಲ್ಲಿ ಅವ್ರಿಗೆ ಅರ್ಥ ಆದ ಮೊದಲನೇ ವಿಷಯ ಅದೇ ಇರ್ಬೇಕು.

ಬ್ಲ್ಯಾಕ್‌ಬೆರಿ ಬಗ್ಗೆ ಹೇಳ್ಲೇಬೇಕು. ಹಿಮಾಲಯನ್ ಬ್ಲ್ಯಾಕ್‌ಬೆರಿ ಅಂತ ಕರೀತಾರೆ, ಹಿಮಾಲಯಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಲೂಥರ್ ಬರ್ಬ್ಯಾಂಕ್ ಅನ್ನೋ ಸಸಿ ಕಸುಬಿನೋನು 1885ರಲ್ಲಿ ಹಣ್ಣು ಚೆನ್ನಾಗಿರುತ್ತೆ ಅಂತ ತರಿಸಿ ಮಾರಿದ್ದು, ಈಗ ಈ ಕಡೆ ರಸ್ತೆ, ರೈಲು ಹಳಿ, ಕೊರಕಲು ಎಲ್ಲಾ ಕಡೆ ಅದೇ, ನಮ್ ಕಡೆ ಲಂಟಾನ ಹಬ್ಬಿದ ಹಾಗೆ. ಮೇಲೆ ಮೇಲೆ ಕತ್ತರಿಸಿದ್ರೆ ಆಗಲ್ಲ, ಬುಡದಲ್ಲಿ ಗಡ್ಡೆ ಥರ ಇರುತ್ತಲ್ಲ ಅದನ್ನ ಕಿತ್ತೇ ಬಿಸಾಕ್ಬೇಕು. ಅಲ್ಲಿದ್ದ ಹುಡುಗ್ರು ಉದ್ದ ಹಿಡಿ ಸಲಿಕೆ ಇಟ್ಕೊಂಡು ಕಾಲಲ್ಲಿ ತುಳೀತಾ ಒದ್ದಾಡ್ತಿದ್ರು, ಅಪ್ಪ ಟೂಲ್ ಶೆಡ್ಡೆಲ್ಲಾ ಹುಡುಕಿ ಪಿಕಾಸಿ ಥರದ್ದು ಒಂದು ತಂದ್ರು, ಅರವತ್ತೆಂಟು ವಯಸ್ಸಿನ ಮನುಷ್ಯ ಸ್ವೆಟರ್ ಬಿಚ್ಚಿ ನಿಂತ್ರು ನೋಡಿ, ಮೂರ್ನಾಕು ಏಟಿಗೆ ಒಂದೊಂದು ಬುಡ ಎದ್ದು ಬರ್ತಿತ್ತು. ಸ್ವಲ್ಪ ಹೊತ್ತಿಗೆ ಹುಡುಗ್ರೆಲ್ಲಾ ಅವರ ಹಿಂದೆ, ಇವರು ಅಗೆದಿದ್ದನ್ನ ಎತ್ತಿ ಹಾಕೋದಷ್ಟೇ ಅವರ ಕೆಲಸ. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, "ಹಿಯರ್, ನಾಟ್ ದೇರ್" ಇಷ್ಟರಲ್ಲೇ ಇಡೀ ಗ್ಯಾಂಗ್ ನಡೆಸಿದ್ರು.

ಜಗಳ ಆಗಿದ್ದು ಕೊನೇಲಿ. ಸೈನ್ ಔಟ್ ಮಾಡುವಾಗ ಅಪ್ಪ ಕಾಫಿ ಕುಡಿದ ಅರ್ಧ ಗಂಟೆ ಕಳೆದು ಬರೆದ್ರು. ತೋಟದ ಲೀಡ್ ಆಗಿರೋ ಹೆಂಗಸು, ತುಂಬಾ ಒಳ್ಳೆಯವ್ರು, ಪರವಾಗಿಲ್ಲ ಸರ್ ಬ್ರೇಕ್ ಸೇರಿಸೇ ಹಾಕಿ, ಯಾರೂ ಕೇಳಲ್ಲ ಅಂದ್ರು. ಅಪ್ಪ ಒಪ್ಲಿಲ್ಲ. ಯಾರೂ ಕೇಳಲ್ಲ ಅಂತ್ಲೇ ನಮ್ಮಲ್ಲಿ ಸತ್ತೋರಿಗೂ ಹಾಜರಿ ಹಾಕ್ತಿದ್ರು, ಅದನ್ನ ಈ ಯಮ್ಮಂಗೆ ಹೇಳು ಅಂತ ನಂಗೆ ಆರ್ಡರ್. ನಾನು ಹೇಗಪ್ಪಾ ಹೇಳ್ಲಿ ಅದನ್ನ? ನಮ್ಮಪ್ಪ ರಿಟೈರ್ಡ್ ಇನ್‌ಸ್ಪೆಕ್ಟರ್ ಅಂತಷ್ಟೇ ಅಂದೆ. ಅವ್ರು ಯಾವ ಇನ್‌ಸ್ಪೆಕ್ಟರ್ ಅಂದ್ಕೊಂಡ್ರೋ, ತಕ್ಷಣ ತಮ್ಮ ಲೆಕ್ಕದಲ್ಲೂ ಅರ್ಧ ಗಂಟೆ ಕಳೆದ್ರು.

ಆದ್ರೆ ಎಲ್ಲಾ ಭಲೇ ಭಲೇ ಅನ್ನೋ ಹಂಗೇನಿಲ್ಲ ಇಲ್ಲೂ. ಅಗೆಯೋಕೆ ಯಾರ್ ಬೇಕಾದ್ರೂ ಬರ್ಬೋದು, ಅರ್ಜಿ ಬರೆಯೋರು ಮಾತ್ರ ಅದೇ ನಾಲ್ಕು ಜನ. ಬಜೆಟ್ ಶೀಟು, ಕೊಟೇಶನ್ನು, ಯಾರ್ ಯಾರ್ ಸಪೋರ್ಟ್ ಇದೆ ಅನ್ನೋ ಪತ್ರಗಳು, ಇವನ್ನೆಲ್ಲಾ ರೆಡಿ ಮಾಡೋಕೆ ಪುರುಸೊತ್ತು ಬೇಕು, ಇಂಗ್ಲಿಷ್ ಬೇಕು, ಲ್ಯಾಪ್‌ಟಾಪ್ ಬೇಕು. ನಮ್ ತೋಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೆಳೆಯೋದು ಇಥಿಯೋಪಿಯಾದ ಒಬ್ಬ ಅಜ್ಜಿ, ಅವರ ಮಡಿ ಪಕ್ಕ ನನ್ನ ಮೆಂತ್ಯ ನೋಡಿದ್ರೆ ನಾಚಿಕೆ ಆಗುತ್ತೆ, ಆದ್ರೆ ಯಾವ ಮೀಟಿಂಗಲ್ಲೂ ಅವರ ದನಿ ಕೇಳಿಲ್ಲ ನಾನು. ಸಿಟಿಯವ್ರು ಇದನ್ನ ಅರಿಯದೋರೇನಲ್ಲ, ಅಮ್ಹಾರಿಕ್, ಸೊಮಾಲಿ, ವಿಯೆಟ್ನಾಮೀಸ್ ಭಾಷೇಲೂ ಮಾಹಿತಿ ಹಾಕ್ತಾರೆ, ಆಯಾ ಸಮುದಾಯದೋರನ್ನೇ ನಡುವೆ ಕೊಂಡಿಯಾಗೋಕೆ ಕಮ್ಯುನಿಟಿ ಲಿಯೆಜಾನ್ ಅಂತ ಇಟ್ಕೊಂಡಿದಾರೆ. ಆದ್ರೂ ಪುರುಸೊತ್ತಿರೋ ಬೀದಿಗೆ ಗ್ರಾಂಟ್ ಬೇಗ ಬರುತ್ತೆ, ಎರಡೆರಡು ಶಿಫ್ಟ್ ಮಾಡೋರ ಬೀದಿಗೆ ನಿಧಾನ ಅನ್ನೋದು ನನ್ನ ಅನಿಸಿಕೆ. ಗಂಟೇನ ದುಡ್ಡು ಅಂತ ಎಣಿಸಿದ್ರೆ, ಗಂಟೇನೇ ಮಿಗದೋರು ಏನ್ ಮಾಡ್ಬೇಕು?

ಅವತ್ತು ಸಾಯಂಕಾಲ ಮೈ ಕೈ ನೋವಿದ್ರೂ ಅಪ್ಪಂಗೆ ಉಮೇದು ಇಳಿದಿರ್ಲಿಲ್ಲ, ಈ ಫಂಡಲ್ಲಿ ಇನ್ನೇನೇನು ಮಾಡಿದಾರೆ ತೋರ್ಸು ಅಂದ್ರು. ಫ್ರೀಮಾಂಟ್ ಅನ್ನೋ ಏರಿಯಾಗೆ ಕರ್ಕೊಂಡು ಹೋದೆ. ಅಲ್ಲಿ ಅರೋರಾ ಸೇತುವೆ ಕೆಳಗೆ ಹದಿನೆಂಟಡಿ ಎತ್ತರದ ಕಾಂಕ್ರೀಟ್ ರಾಕ್ಷಸ ಕೂತಿದಾನೆ, ಕೈಯಲ್ಲಿ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಹಿಡ್ಕೊಂಡು, 1990ರಲ್ಲಿ ಮಾಡಿದ್ದು. ಕಸ ಬಿದ್ದು ಹಾಳಾಗಿದ್ದ ಜಾಗಕ್ಕೆ ಏನಾದ್ರೂ ಮಾಡ್ಬೇಕು ಅಂತ ಆ ಏರಿಯಾದೋರು ಹೊರಟಿದ್ದಕ್ಕೆ ಇದೇ ಫಂಡಿಂದ ದುಡ್ಡು ಬಂದಿತ್ತು. ಅಪ್ಪ ಸುತ್ತ ಒಂದು ರೌಂಡ್ ಹಾಕಿ, ಬೆರಳಿಂದ ಕುಟ್ಟಿ ನೋಡಿ, "ಕ್ಯೂರಿಂಗ್ ಚೆನ್ನಾಗಿ ಮಾಡಿದಾರೆ" ಅಂದ್ರು. ಅಮ್ಮ ದೂರದಿಂದ್ಲೇ ಕೈ ಮುಗಿದ್ರು, ಯಾಕೋ ಗೊತ್ತಿಲ್ಲ.

ಆಮೇಲೆ ಅಪ್ಪ ಫೈಂಡ್ ಇಟ್ ಫಿಕ್ಸ್ ಇಟ್ ಅನ್ನೋ ಸಿಟಿ ಆಪ್ ಹಿಡ್ಕೊಂಡ್ರು. ಗುಂಡಿ, ಉರೀದಿರೋ ಬೀದಿ ದೀಪ, ಯಾರೋ ಬಿಸಾಕಿ ಹೋದ ಸೋಫಾ, ಫೋಟೋ ತೆಗೆದು ಹಾಕಿದ್ರೆ ಕಂಪ್ಲೇಂಟ್ ನಂಬರ್ ಬರುತ್ತೆ. ದಿನಾ ವಾಕಿಂಗಿಗೆ ಹೋಗಿ ತಪ್ಪು ಹುಡುಕೋದೇ ಕೆಲಸ ಆಯ್ತು. ನನ್ನ ಇಮೇಲ್ ಕೊಟ್ಟಿದ್ರಿಂದ ಸೋಫಾಗಳ ಸ್ಟೇಟಸ್ ಎಲ್ಲಾ ಆಫೀಸ್ ಮೀಟಿಂಗ್ ಮಧ್ಯೆ ನಂಗೇ ಬರ್ತಿತ್ತು.

ಅವರು ಊರಿಗೆ ಹೋದ್ಮೇಲೆ ಮಡಿಗಳು ಮುಗಿದ್ವು. ಗಂಟೆಗಳ ಶೀಟನ್ನೆಲ್ಲಾ ಎಕ್ಸೆಲ್‌ಗೆ ಏರಿಸೋ ಕೆಲಸ ನನ್ನ ತಲೆಗೇ ಬಂತು, ಬಿಲ್ಲು, ಫೋಟೋ ಜೊತೆ ಕೊನೇ ರಿಪೋರ್ಟು ಹೋಯ್ತು. ಫೋನಲ್ಲಿ ಅಪ್ಪ ಮೊದಲು ಕೇಳಿದ್ದೇ ಯುಟಿಲೈಸೇಷನ್ ಸರ್ಟಿಫಿಕೇಟ್ ಕೊಟ್ರಾ ಅಂತ, ದುಡ್ಡು ಆ ಕೆಲಸಕ್ಕೇ ಖರ್ಚಾಯ್ತು ಅನ್ನೋ ಲೆಕ್ಕದ ಪತ್ರ ಅದು. ಕೊಟ್ವಿ ಅಂದೆ. ತಮ್ಮ ಗಂಟೆಗಳಿಗೆ ಎಷ್ಟು ಬಿತ್ತು ಅಂದ್ರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಗುಣಾಕಾರ ನಡೀತು, ಆಮೇಲೆ ಅಮ್ಮನ ಕಡೆ ತಿರುಗಿ, "ಕೇಳಿಸ್ತೇನೇ, ನಿನ್ ಮಗಳ ಊರಿಗೆ ಇಷ್ಟು ರೂಪಾಯಿ ಕೊಟ್ಟು ಬಂದಿದೀನಿ ನಾನು" ಅಂದಿದ್ದು ಕೇಳಿಸ್ತು.

"ಫ್ಲೈಟ್ ಟಿಕೆಟ್‌ಗೆ ಎಷ್ಟಾಯ್ತು, ಅದನ್ನೂ ಆ ಪುಸ್ತಕದಲ್ಲಿ ಬರ್ಸಿದ್ರೋ ಇಲ್ವೋ ಕೇಳಿ" ಅಂದ್ರು ಅಮ್ಮ.